ಲಿಂಗೈಕ್ಯರಾದವರಿಗೆ ಕಾಗದವೇಕೆ?

ನಮ್ಮ ಸಮಾಜದ ಹಿರಿಯರು ಸಾವು ಎಂಬ ಶಬ್ದವನ್ನು ಸುಲಭವಾಗಿ ಬಾಯಿಗೆ ತರುವುದಿಲ್ಲ. ಲಿಂಗೈಕ್ಯರಾದರು, ಶಿವೈಕ್ಯರಾದರು ಎನ್ನುತ್ತಾರೆ. ಲಿಂಗದಲ್ಲಿ ಬೆರೆತವನಿಗೆ ಮರಣವಿಲ್ಲವೆಂಬ ಈ ನಂಬಿಕೆ ದುಃಖದ ಹೊತ್ತಿನಲ್ಲಿ ಮನೆಮಂದಿಗೆ ನೀಡುವ ಧೈರ್ಯ ದೊಡ್ಡದು. ಆದರೆ ಇದೇ ನಂಬಿಕೆಯನ್ನು ಮುಂದಿಟ್ಟುಕೊಂಡು ನಾವು ಲೋಕದ ಕರ್ತವ್ಯವೊಂದನ್ನು ಕಡೆಗಣಿಸಿದೆವು. ಅದರ ಕಷ್ಟವನ್ನು ಉಂಡವರು ನಮ್ಮ ಅತ್ತಿಗೆಯವರು. ಅಂತಹ ತಪ್ಪು ಇನ್ನೊಂದು ಮನೆಯಲ್ಲಿ ನಡೆಯಬಾರದೆಂಬ ಕಾರಣಕ್ಕೆ ಆ ಸಂಗತಿಯನ್ನು ಸದ್ಭಕ್ತ ಬಂಧುಗಳ ಮುಂದೆ ನಿವೇದಿಸಿಕೊಳ್ಳುತ್ತಿದ್ದೇವೆ.

ನಮ್ಮ ಹುಟ್ಟೂರು ಕೊರಟಗೆರೆ ಸೀಮೆಯ ಸಿದ್ದರಬೆಟ್ಟದ ಮಗ್ಗುಲಲ್ಲಿದೆ. ಬೆಟ್ಟದ ಗವಿಯಲ್ಲಿ ಸಿದ್ಧೇಶ್ವರಸ್ವಾಮಿ ನೆಲೆಸಿದ್ದಾನೆ. ಅಲ್ಲಿಯ ಒರತೆಯ ನೀರನ್ನು ತೀರ್ಥವೆಂದು ತಂದು ಮನೆಯಲ್ಲಿಡುವುದು ನಮ್ಮ ಕಡೆಯ ವಾಡಿಕೆ. ಅಣ್ಣನವರು ಕಾರ್ತಿಕ ಸೋಮವಾರಗಳಂದು ತಪ್ಪದೆ ಬೆಟ್ಟ ಹತ್ತುತ್ತಿದ್ದರು. ನಾವು ಬಾಲ್ಯದಲ್ಲೇ ತುಮಕೂರಿಗೆ ಹೋಗಿ, ಸಿದ್ಧಗಂಗಾ ಮಠದ ಪ್ರಸಾದದಲ್ಲಿ ಬೆಳೆದು, ಸಂಸ್ಕೃತ ಕಲಿತು ನಾಲ್ಕು ಜನರ ನಡುವೆ ಪಂಡಿತರೆನಿಸಿಕೊಂಡೆವು. ನಮ್ಮ ಕೈಗೆ ಪುಸ್ತಕ ಬಂದದ್ದು ಅಣ್ಣನವರು ನೇಗಿಲನ್ನು ಕೈಬಿಡದೆ ಹಿಡಿದದ್ದರಿಂದ. ಆ ಋಣ ತೀರುವಂಥದ್ದಲ್ಲ.

2011ರ ನವೆಂಬರಿನಲ್ಲಿ, ಕಾರ್ತಿಕ ಮಾಸದ ಒಂದು ಸೋಮವಾರ ಬೆಳಗಿನ ಜಾವ, ಅಣ್ಣನವರು ಮನೆಯಲ್ಲೇ ಎದೆನೋವಿನಿಂದ ಲಿಂಗೈಕ್ಯರಾದರು. ವೈದ್ಯರನ್ನು ಕರೆಯುವಷ್ಟು ವೇಳೆಯೂ ಸಿಗಲಿಲ್ಲ. ಅವರ ಇಚ್ಛೆಯಂತೆ ಸ್ವಂತ ಹೊಲದ ಬದುವಿನ ಹುಣಸೆ ಮರದ ಬಳಿ, ವಿಭೂತಿ ಬಿಲ್ವಪತ್ರೆಗಳೊಡನೆ, ವಿಧಿವತ್ತಾಗಿ ಸಮಾಧಿ ಮಾಡಿದೆವು. ಮೂರನೆಯ ದಿನ ಗ್ರಾಮ ಸಹಾಯಕರೊಬ್ಬರು ಬಂದು, "ಸ್ವಾಮಿ, ಯಜಮಾನರ ಹೆಸರನ್ನು ಮರಣದ ಪುಸ್ತಕದಲ್ಲಿ ಬರೆಸಿಬಿಡಿ, ಒಂದು ಫಾರಂ ತುಂಬಿದರೆ ಸಾಕು" ಎಂದರು. ಜಗಲಿಯ ಮೇಲೆ ಬಂಧುಗಳು ತುಂಬಿದ್ದರು. ನಾವು, "ಲಿಂಗೈಕ್ಯರಾದವರಿಗೆ ಕಾಗದವೇಕಪ್ಪಾ? ಅವರ ಲೆಕ್ಕವನ್ನು ಶಿವನೇ ಬರೆದುಕೊಂಡಿದ್ದಾನೆ" ಎಂದೆವು. ಕೇಳಿದವರು ತಲೆದೂಗಿದರು. ಒಳಬಾಗಿಲಲ್ಲಿ ನಿಂತಿದ್ದ ಅತ್ತಿಗೆಯವರು, "ನೀವು ತಿಳಿದವರು, ನೀವು ಹೇಳಿದಂತೆಯೇ ಆಗಲಿ" ಎಂದರು. ಆ ಮನುಷ್ಯ ಫಾರಂ ಮಡಚಿಕೊಂಡು ಹೊರಟುಹೋದರು.

ಶಿವಗಣಾರಾಧನೆಯ ಪತ್ರವನ್ನು ಬರೆದವರೂ ನಾವೇ. ಖರ ನಾಮ ಸಂವತ್ಸರ, ಕಾರ್ತಿಕ ಮಾಸ, ಬಹುಳ ಏಕಾದಶಿ, ಸೋಮವಾರ ಎಂದು ಪಂಚಾಂಗದಂತೆ ಒಪ್ಪವಾಗಿ ಬರೆದು ಅಚ್ಚು ಹಾಕಿಸಿದೆವು. ತಾರೀಖು ಇಸವಿಗಳನ್ನು ಸೇರಿಸಲಿಲ್ಲ. ಅವು ವ್ಯವಹಾರದ ಲೆಕ್ಕವೆಂಬ ಭಾವನೆ ನಮಗಿತ್ತು.

ನಾಲ್ಕು ವರ್ಷ ಹಾಗೆಯೇ ಕಳೆಯಿತು. ಪಹಣಿ ಅಣ್ಣನವರ ಹೆಸರಿನಲ್ಲೇ ಉಳಿದಿತ್ತು. 2016ರಲ್ಲಿ ಮಳೆ ಕೈಕೊಟ್ಟು ಅತ್ತಿಗೆಯವರು ಬೆಳೆಸಾಲಕ್ಕೆಂದು ಹೋದಾಗ, ಮೊದಲು ಪೌತಿ ಖಾತೆ ಮಾಡಿಸಿಕೊಂಡು ಬನ್ನಿರೆಂದರು. ಪೌತಿ ಎಂಬುದು ಅರಬ್ಬೀ ಮೂಲದಿಂದ ಕಂದಾಯದ ಭಾಷೆಗೆ ಬಂದ ಶಬ್ದ. ಮರಣವೆಂದೇ ಅದರ ಅರ್ಥ. ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಜಮೀನಿನ ಖಾತೆ ಬದಲಾಗುವುದೇ ಪೌತಿ ಖಾತೆ. ಅದಕ್ಕೆ ವಂಶವೃಕ್ಷ ಬೇಕು, ಮರಣ ಪ್ರಮಾಣಪತ್ರ ಬೇಕು. ವಿಧವಾ ವೇತನದ ಅರ್ಜಿಗೂ ಅದೇ ಪತ್ರ ಬೇಕಾಗಿತ್ತೆಂದೂ, ಅದಿಲ್ಲದ್ದರಿಂದ ಅತ್ತಿಗೆಯವರು ಅರ್ಜಿಯನ್ನೇ ಹಾಕಿರಲಿಲ್ಲವೆಂದೂ ನಮಗೆ ಅಂದು ತಿಳಿಯಿತು. ನಾವು ಹೇಳಿದ ಮಾತಿಗೆ ಎದುರಾಡಬಾರದೆಂದು ಅವರು ನಾಲ್ಕು ವರ್ಷ ಸುಮ್ಮನಿದ್ದರು.

ನಾವೇ ಮುಂದಾಗಿ ಓಡಾಡತೊಡಗಿದೆವು. ಮರಣದ ಪುಸ್ತಕದಲ್ಲಿ ಹೆಸರಿಲ್ಲವೆಂದು ತೋರಿಸುವ ಅಲಭ್ಯ ಪ್ರಮಾಣಪತ್ರವನ್ನು ಮೊದಲು ಪಡೆಯಬೇಕಾಯಿತು. ಒಂದು ವರ್ಷ ಮೀರಿದ ಮರಣದ ನೋಂದಣಿಗೆ ಆಗ ಪ್ರಥಮ ದರ್ಜೆ ದಂಡಾಧಿಕಾರಿಗಳ ನ್ಯಾಯಾಲಯದ ಆದೇಶ ಅಗತ್ಯವಾಗಿತ್ತು. ವಕೀಲರು ದಾಖಲೆ ಕೇಳಿದರು. ಆಸ್ಪತ್ರೆಯ ಚೀಟಿಯಿಲ್ಲ. ಸಾರ್ವಜನಿಕ ರುದ್ರಭೂಮಿಯಾಗಿದ್ದರೆ ಅಲ್ಲಿಯ ರಸೀತಿಯಾದರೂ ಇರುತ್ತಿತ್ತು. ನಮ್ಮದು ಸ್ವಂತ ಹೊಲದ ಸಮಾಧಿ. ಕೊನೆಗೆ ಶಿವಗಣಾರಾಧನೆಯ ಪತ್ರವನ್ನು ಹೆಮ್ಮೆಯಿಂದಲೇ ಮುಂದಿಟ್ಟೆವು. ವಕೀಲರು ಅದನ್ನು ಎರಡು ಸಲ ಓದಿ, "ಸ್ವಾಮಿ, ಖರ ಸಂವತ್ಸರ 1951ರಲ್ಲೂ ಬಂದಿತ್ತಲ್ಲವೆ? ಇಸವಿ ಎಲ್ಲಿದೆ?" ಎಂದು ಸೌಮ್ಯವಾಗಿ ಕೇಳಿದರು. ಅರವತ್ತು ವರ್ಷಕ್ಕೊಮ್ಮೆ ಸಂವತ್ಸರ ಮರಳುವುದನ್ನು ಹುಡುಗರಿಗೆ ಪಾಠ ಹೇಳುವ ನಮಗೆ ಉತ್ತರ ತೋಚಲಿಲ್ಲ. ಸಾಲದೆಂಬಂತೆ, ಪಹಣಿಯಲ್ಲಿ 'ಅಪ್ಪ' ಎಂದು ಮುಗಿಯುವ ಅಣ್ಣನವರ ಹೆಸರು ಪಡಿತರ ಚೀಟಿಯಲ್ಲಿ 'ಅಯ್ಯ' ಎಂದಿತ್ತು. ಇಬ್ಬರೂ ಒಬ್ಬರೇ ಎಂಬುದಕ್ಕೆ ಬೇರೊಂದು ಅಫಿಡವಿಟ್ಟು ಬೇಕಾಯಿತು.

ಆ ರಾತ್ರಿ ಊರಿಗೆ ಹೋಗಿ ಅತ್ತಿಗೆಯವರಿಗೆ ಎಲ್ಲವನ್ನೂ ಹೇಳಿದೆವು. ಅವರು ಮಾತಾಡದೆ ಎದ್ದು ಟ್ರಂಕಿನ ತಳದಿಂದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದುಕೊಟ್ಟರು. ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಅವರ ಮಗಳು ದಿನದಿನವೂ ಅದರ ಮನೆಗಳಲ್ಲಿ ಬರೆಯುತ್ತಿದ್ದಳು. 2011ರ ನವೆಂಬರ್ 21ರ ಮನೆಯಲ್ಲಿ ಹಾಲಿನ ಲೆಕ್ಕವಿರಲಿಲ್ಲ. ಪೆನ್ಸಿಲಿನಲ್ಲಿ 'ಅಪ್ಪ ಹೋದರು' ಎಂದಿತ್ತು. ಅಕ್ಷರ ಬಾರದ ತಾಯಿ ಆ ಹಾಳೆಯನ್ನು ನಾಲ್ಕು ವರ್ಷ ಜೋಪಾನ ಮಾಡಿದ್ದರು. ನಾವು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತೆವು.

ಆ ಹಾಳೆ, ಸಮಾಧಿಗೆ ಬಂದಿದ್ದ ನೆರೆಯವರ ಸಾಕ್ಷ್ಯ, ಪತ್ರಿಕಾ ಪ್ರಕಟಣೆ ಇವೆಲ್ಲ ಸೇರಿ, ಏಳೆಂಟು ತಿಂಗಳ ತರುವಾಯ ಆದೇಶ ಬಂದಿತು. ಪ್ರಮಾಣಪತ್ರ ಕೈಸೇರಿದ ದಿನ ಅತ್ತಿಗೆಯವರು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮನೆಯಲ್ಲಿಟ್ಟರು. "ತಪ್ಪಾಯಿತು ಅತ್ತಿಗೆ" ಎಂದೆವು. "ಅವರೂ ಯಾವತ್ತೂ ನಿಮ್ಮ ಮಾತು ಮೀರಿದವರಲ್ಲ" ಎಂದರು ಅವರು. ಅದರಲ್ಲಿ ಆಕ್ಷೇಪವಿರಲಿಲ್ಲ, ಆದುದರಿಂದಲೇ ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಓದುವ ಬಂಧುಗಳ ಪ್ರಯೋಜನಕ್ಕಾಗಿ ಕಾಯಿದೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇವೆ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ, ಮನೆಯಲ್ಲಿ ಮರಣವಾದರೆ ತಿಳಿಸುವ ಹೊಣೆ ಮನೆಯ ಯಜಮಾನರದು, ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರದು. 21 ದಿನಗಳೊಳಗೆ ತಿಳಿಸಿದರೆ ಶುಲ್ಕವಿಲ್ಲ, ಮೊದಲ ಪ್ರಮಾಣಪತ್ರವೂ ಉಚಿತ. 30 ದಿನಗಳವರೆಗೆ ಅಲ್ಪ ವಿಳಂಬ ಶುಲ್ಕವಷ್ಟೆ. ಅದಾದ ಮೇಲೆ ಒಂದು ವರ್ಷದವರೆಗೆ ಮೇಲಧಿಕಾರಿಗಳ ಲಿಖಿತ ಅನುಮತಿ ಬೇಕು. ವರ್ಷ ಮೀರಿದವಕ್ಕೆ, 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ನ್ಯಾಯಾಲಯದ ಬದಲು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಆದೇಶ ಬೇಕು. ನಮ್ಮ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳು ಮಧುಗಿರಿ ಉಪವಿಭಾಗಕ್ಕೆ ಸೇರಿದವು.

ಇನ್ನೂ ಎರಡು ಮಾತು. ಮರಣ ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗುತ್ತದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡವರ ಹೆಸರನ್ನು ಹುಟ್ಟೂರಿನ ಪುಸ್ತಕದಲ್ಲಿ ಹುಡುಕಿ ಫಲವಿಲ್ಲ. ಹೆಸರು ಬರೆಸುವಾಗ ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರವನ್ನೂ ಹೊಂದಿಸಿ ನೋಡಿರಿ. ಮನೆಯವರು ದುಃಖದಲ್ಲಿರುವಾಗ ಈ ಕೆಲಸವನ್ನು ಅಳಿಯನೋ ಮೈದುನನೋ ನೆರೆಯವರೋ ಹೊತ್ತುಕೊಳ್ಳಬೇಕು. ಅಂದು ನಾವು ಹೊರಬೇಕಾಗಿದ್ದ ಹೊರೆ ಅದೇ.

ನಮ್ಮ ನಾಡಿನ ಶಾಸನಗಳನ್ನು ನೋಡಿದವರಿಗೆ ಗೊತ್ತು: ಕಲ್ಲಿನಲ್ಲಿ ಕಾಲವನ್ನು ಬರೆಸಿದವರು ಸಂವತ್ಸರದ ಹೆಸರಿನೊಡನೆ ಶಕವರ್ಷದ ಅಂಕೆಯನ್ನೂ ಬರೆಸುತ್ತಿದ್ದರು. ಮುಂದೆ ಬರುವವರಿಗೆ ಸಂಶಯ ಉಳಿಯಬಾರದೆಂಬ ಎಚ್ಚರ ಅವರಿಗಿತ್ತು. ಅದನ್ನು ಓದಿಯೂ ನಾವು ಕಲಿಯಲಿಲ್ಲ.

ಲಿಂಗೈಕ್ಯರಾದವರಿಗೆ ಕಾಗದ ಬೇಕಿಲ್ಲ, ನಿಜ. ಅವರನ್ನು ನಂಬಿ ಉಳಿದವರಿಗೆ ಬೇಕು. ಕಾಯಕ ದಾಸೋಹಗಳನ್ನು ಬೋಧಿಸಿದ ಧರ್ಮದಲ್ಲಿ ಹುಟ್ಟಿದ ನಮಗೆ, ವಿಧವೆಯಾದ ತಾಯಿಯೊಬ್ಬಳ ಅನ್ನದ ದಾರಿಯನ್ನು ತೆರೆದಿಡುವುದೂ ಶಿವಕಾರ್ಯವೇ. ಈಗ ನಮ್ಮ ಪರಿಚಯದ ಯಾವ ಮನೆಯಲ್ಲಿ ಶಿವಗಣಾರಾಧನೆ ನಡೆದರೂ, ಪ್ರಸಾದಕ್ಕೆ ಕೂರುವ ಮೊದಲು ನಾವು ಒಂದು ಪ್ರಶ್ನೆ ಕೇಳುತ್ತೇವೆ: "ಹೆಸರು ಬರೆಸಿದಿರಾ?"