ನೇತ್ರಾಣಿಯಲ್ಲಿ ಕಂಡ ಮರ್ಜಾನ್

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನಮಗೆ ನೀರೆಂದರೆ ಕೃಷ್ಣಾ, ಘಟಪ್ರಭಾ. ಸಮುದ್ರ ನೋಡಲು ಹುಬ್ಬಳ್ಳಿ, ಯಲ್ಲಾಪುರ ದಾಟಿ ಘಟ್ಟ ಇಳಿಯಬೇಕು. ಹಾಗೆ ಮುರ್ಡೇಶ್ವರಕ್ಕೆ ಹೋದರೆ ದಡದಿಂದಲೇ ಮರಳಬೇಡಿ. ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದ ಮೇಲೆ ದೋಣಿಯಲ್ಲಿ ಕರೆದೊಯ್ದು ಸ್ಕೂಬಾ ಡೈವಿಂಗ್ ಮಾಡಿಸುತ್ತಾರೆ.

ಈಜು ಬಾರದವರನ್ನೂ ತರಬೇತುದಾರರು ಕೈಹಿಡಿದು ಇಳಿಸುತ್ತಾರೆ. ಮಹಿಳಾ ತರಬೇತುದಾರರು ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಗರ್ಭಿಣಿಯರು ಇಳಿಯಬಾರದು, ಉಬ್ಬಸವಿದ್ದವರು ವೈದ್ಯರನ್ನು ಕೇಳಬೇಕು. ಇಳಿಯುವಾಗ ಕಿವಿ ನೋಯುತ್ತದೆ. ಮೂಗು ಹಿಡಿದು ಮೆಲ್ಲನೆ ಊದಿದರೆ ಸರಿಹೋಗುತ್ತದೆ. ಉಸಿರು ಮಾತ್ರ ಎಂದೂ ಬಿಗಿಹಿಡಿಯಬೇಡಿ.

ಕೆಳಗೆ ಚಿಟ್ಟೆ ಮೀನುಗಳು, ಬಂಡೆಯ ಪಾಚಿಯನ್ನು ಕೊಕ್ಕಿನಂಥ ಬಾಯಿಯಿಂದ ಕೆರೆಯುವ ಗಿಳಿ ಮೀನುಗಳು, ಅವುಗಳ ನಡುವೆ ಹವಳ!

ಸೂರಃ ಅರ್ರಹ್ಮಾನ್ ಕಲಿಸುವಾಗ ‘ಮರ್ಜಾನ್’ ಎಂದರೆ ಉಂಗುರದ ಕೆಂಪು ಕಲ್ಲು ಎಂದು ಮಕ್ಕಳಿಗೆ ವರ್ಷಗಟ್ಟಲೆ ಹೇಳಿದವಳು ನಾನು. ಹವಳವೆಂದರೆ ಪುಟ್ಟ ಪುಟ್ಟ ಪ್ರಾಣಿಗಳ ಒಕ್ಕಲು; ಸುಣ್ಣದ ಮನೆ ಕಟ್ಟಿ ಬಾಳುತ್ತವೆ. ಎಷ್ಟೋ ಜಾತಿಯವು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ ಬೆಳೆಯುತ್ತವೆ. ಕಾಲು ತಾಗಿದರೆ ಹತ್ತಾರು ವರ್ಷಗಳ ಮನೆ ಮುರಿಯುತ್ತದೆ. ಉಂಗುರದ ಆ ಕಲ್ಲೂ, ನೆಂಟರ ಗಾಜಿನ ಕಪಾಟಿನಲ್ಲಿ ಕಂಡಿದ್ದ ಬಿಳಿ ಹವಳವೂ ಇಂಥ ಜೀವಿಗಳ ಅಸ್ಥಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯಿರುವ ಮೊದಲ ಪಟ್ಟಿಯಲ್ಲೇ ಬಂಡೆಹವಳವೂ ಇದೆ. ಅದನ್ನು ಮುರಿಯುವುದು, ಮಾರುವುದು ಅಪರಾಧ.

ಈಗ ಆ ಸೂರಃ ಬಂದಾಗ ಪಾಠ ತಿದ್ದಿ ಹೇಳುತ್ತೇನೆ: ಮರ್ಜಾನ್ ಬರೀ ಕಲ್ಲಲ್ಲ ಮಕ್ಕಳೇ, ಅಲ್ಲಾಹನು ಸೃಷ್ಟಿಸಿದ ಜೀವಿ.

ನೀವೂ ಹೋಗಿ ಬನ್ನಿ. ನೋಡಿ, ಸುಬ್‌ಹಾನಲ್ಲಾಹ್ ಎನ್ನಿ. ಮುಟ್ಟಬೇಡಿ, ಮನೆಗೆ ತರಬೇಡಿ.