ಓಲೆ ನೋಡಿದ ಕಣ್ಣು

2020ರ ಏಪ್ರಿಲ್. ಲಾಕ್‌ಡೌನು. ಶಿವಮೊಗ್ಗದಲ್ಲಿ ಚಂದಾ ಎತ್ತಿ, ಅಕ್ಕಿ, ಬೇಳೆ, ಎಣ್ಣೆ ಚೀಲ ಕಟ್ಟಿ ಭದ್ರಾವತಿಗೆ ಒಯ್ಯುತ್ತಿದ್ದೆವು. ಬಿ. ಕೃಷ್ಣಪ್ಪನವರು ಕಾಲೇಜಿನಲ್ಲಿ ಪಾಠ ಹೇಳುತ್ತ ದಲಿತ ಸಂಘರ್ಷ ಸಮಿತಿ ಕಟ್ಟಿದ ಊರು. 2015ರಲ್ಲಿ ಕಾಗದ ಕಾರ್ಖಾನೆಯ ಯಂತ್ರ ನಿಂತಾಗಲೇ ಗುತ್ತಿಗೆ ಕೂಲಿಗಳ ಒಲೆ ಅರ್ಧ ಆರಿತ್ತು, ಉಳಿದರ್ಧ ಈಗ.

ಸಾಲಿನಲ್ಲಿ ಒಬ್ಬ ಅಕ್ಕ. ಕಿವಿಯಲ್ಲಿ ಹೊಳೆಯುವ ಓಲೆ, ಕೈಯಲ್ಲಿ ದೊಡ್ಡ ಮೊಬೈಲು. 'ಇಂಥೋರಿಗೆಲ್ಲ ಯಾಕ್ರೋ ಕೊಡ್ಬೇಕು?' ಅಂದದ್ದು ಸಾಹುಕಾರರಲ್ಲ, ನಾವೇ. ಆಕೆಗೆ ಕೇಳಿಸಿತು.

'ರೋಲ್‌ಗೋಲ್ಡು ಕಣಪ್ಪ. ಚಿನ್ನದ್ದು ಅಡ ಇಟ್ಟು ವರ್ಷ ಆತು. ಮೊಬೈಲು ಮಗಂದು, ಅದ್ನೂ ಮಾರಿ ಬರ್ಬೇಕಿತ್ತಾ?' ಚೀಲ ಅಲ್ಲೇ ಇಟ್ಟು ನಡೆದಳು.

ನಾವು ಯಾರು? ದಿನವಿಡೀ ಗೇದು ಕೂಲಿಕಾಳಿಗೆ ಸೆರಗೊಡ್ಡಿ, 'ನಿಮಗೆ ಮೈ ಬಗ್ಗಲ್ಲ' ಅನ್ನಿಸಿಕೊಂಡ ಅವ್ವಂದಿರ ಮಕ್ಕಳು. ಹಾಸ್ಟೆಲ್ಲಿನ ಅನ್ನ ತಿಂದು ಡಿಗ್ರಿ ಹಿಡಿದವರು. 2013ರಲ್ಲಿ ಬಂದ ಅನ್ನಭಾಗ್ಯಕ್ಕೆ 'ಜನ ಸೋಮಾರಿ ಆಗ್ತಾರೆ' ಎಂದು ಮೂಗು ಮುರಿದವರ ಮೇಲೆ ಪದ್ಯ ಕಟ್ಟಿ ಚಪ್ಪಾಳೆ ಗಿಟ್ಟಿಸಿದವರು. ಒಂದು ಚೀಲ ಅಕ್ಕಿ ಕೈಗೆ ಬಂದದ್ದೇ ತಡ, ಧಣಿಯ ಕಣ್ಣೂ ಬಂದುಬಿಟ್ಟಿತಲ್ಲ! ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು, ಪದ್ಯ ಮಾತ್ರ ಒಂದೇ ರಾತ್ರಿಯಲ್ಲಿ ಆಗಿತ್ತು.

ಮರುದಿನದಿಂದ ಕಾರ್ಡು ಕೇಳಲಿಲ್ಲ, ಫೋಟೋ ತೆಗೆಯಲಿಲ್ಲ. ಬಾಗಿಲಿಗೇ ಒಯ್ದು ಇಟ್ಟು ಬಂದೆವು. ಆ ಅಕ್ಕನ ಬಾಗಿಲಲ್ಲಿಟ್ಟ ಚೀಲ ಎರಡು ದಿನ ಹಾಗೇ ಇತ್ತು. ಮೂರನೆಯ ದಿನ ಇರಲಿಲ್ಲ. ಪಕ್ಕದ ಗುಡಿಸಲ ಮುದುಕಿ ಅನ್ನ ಬಸಿಯುತ್ತ ಅಂದಳು: 'ಅವ್ಳೇ ತಂದ್ಕೊಟ್ಲು. ನಿನ್ನ ಯಾರೂ ಏನೂ ಕೇಳಲ್ಲ, ಉಣ್ಣಜ್ಜಿ ಅಂದ್ಲು.'