ಯಾರಿಗೆ ಫಲ ಕೊಟ್ಟ ಸತ್ಯ?

ಪ್ರಾಗ್ಮಾಟಿಸಂಗೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು ನನ್ನ ಪಿಎಚ್‌ಡಿಯ ಮೊದಲ ವರ್ಷದ ತಲೆನೋವಾಗಿತ್ತು. ‘ವ್ಯವಹಾರವಾದ’ ಎಂದರೆ ಅಂಗಡಿ ಲೆಕ್ಕದ ವಾಸನೆ. ‘ಉಪಯುಕ್ತತಾವಾದ’ ಎಂದರೆ ಬೆಂಥಮ್, ಮಿಲ್ ಬಂದು ಕೂರುತ್ತಾರೆ. ಕೊನೆಗೆ ಇಂಗ್ಲಿಷ್ ಪದವನ್ನೇ ಉಳಿಸಿಕೊಂಡೆ. ಹಾಸ್ಟೆಲ್ಲಿನ ಗೆಳೆಯನಿಗೆ ಇದನ್ನು ವಿವರಿಸಲು ಹೋದಾಗ ಅವನು ಕೇಳಿದ್ದು ಒಂದೇ ಮಾತು: “ಕೆಲಸಕ್ಕೆ ಬರೋದೇ ಸತ್ಯ ಅನ್ನೋದಾದ್ರೆ ಲಂಚಾನೂ ಸತ್ಯ ಅಲ್ವೇನೋ?”

ತಮಾಷೆಯಾಗಿ ಕೇಳಿದ್ದು. ಆದರೆ ಈ ದರ್ಶನದ ಟೀಕಾಕಾರರು ನೂರು ವರ್ಷಗಳಿಂದ ಕೇಳುತ್ತ ಬಂದಿರುವುದು ಹೆಚ್ಚುಕಡಿಮೆ ಇದನ್ನೇ. ಬರ್ಟ್ರಂಡ್ ರಸೆಲ್ ಸಾಂತಾ ಕ್ಲಾಸ್‌ನನ್ನು ಎಳೆದು ತಂದ: ಅವನಿದ್ದಾನೆಂದು ನಂಬಿದರೆ ಒಳ್ಳೆಯದಾಗುತ್ತದೆ ಎಂಬ ಕಾರಣಕ್ಕೆ ಅವನಿರುವುದು ನಿಜವಾಗಿಬಿಡುತ್ತದೆಯೇ?

ಮೂಲದಲ್ಲಿ ವಿಚಾರ ಇಷ್ಟು ಸಡಿಲವಾಗಿರಲಿಲ್ಲ. ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ 1878ರಲ್ಲಿ ಬರೆದ ಪ್ರಬಂಧದಲ್ಲಿ ‘ಗಟ್ಟಿ’ ಎನ್ನುವ ಪದವನ್ನು ಎತ್ತಿಕೊಳ್ಳುತ್ತಾನೆ. ಒಂದು ವಸ್ತು ಗಟ್ಟಿ ಎಂದರೆ ಏನರ್ಥ? ಬೇರೆ ಬಹುಪಾಲು ವಸ್ತುಗಳಿಂದ ಅದರ ಮೇಲೆ ಗೀರು ಬೀಳುವುದಿಲ್ಲ ಎಂದು, ಅಷ್ಟೇ. ಮಾತಿನ ಅರ್ಥ ಅದರ ಪರಿಣಾಮಗಳಲ್ಲಿದೆ. ಇನ್ನು ಸತ್ಯವೆಂದರೆ, ವಿಚಾರಿಸುವವರೆಲ್ಲ ತಮ್ಮ ಶೋಧವನ್ನು ಸಾಕಷ್ಟು ದೂರ ಒಯ್ದರೆ ಕೊನೆಗೆ ಒಪ್ಪಲೇಬೇಕಾಗುವ ಅಭಿಪ್ರಾಯ. ಒಬ್ಬನ ಅನುಕೂಲಕ್ಕೆ ಇಲ್ಲಿ ಜಾಗವಿಲ್ಲ. ವಿಲಿಯಂ ಜೇಮ್ಸ್ ಇದನ್ನು ಜನಪ್ರಿಯಗೊಳಿಸಿದ ರೀತಿ ಪರ್ಸ್‌ಗೆ ಹಿಡಿಸಲಿಲ್ಲ. 1905ರಲ್ಲಿ ತನ್ನ ವಾದಕ್ಕೆ ‘ಪ್ರಾಗ್ಮಾಟಿಸಿಸಂ’ ಎಂದು ಹೊಸ ಹೆಸರಿಟ್ಟ. ಮಕ್ಕಳ ಕಳ್ಳರೂ ಮುಟ್ಟದಷ್ಟು ಕುರೂಪಿ ಹೆಸರು ಎಂದು ತಾನೇ ಹೇಳಿಕೊಂಡ.

ಆದರೂ ನನ್ನನ್ನು ಈ ವಿಷಯಕ್ಕೆ ಎಳೆದವನು ಜೇಮ್ಸ್‌. 1870ರ ಏಪ್ರಿಲ್‌ನಲ್ಲಿ, ತೀವ್ರ ಖಿನ್ನತೆಯ ನಡುವೆ, ಫ್ರೆಂಚ್ ತತ್ವಜ್ಞಾನಿ ರೆನೂವಿಯೆಯನ್ನು ಓದಿ ಅವನು ದಿನಚರಿಯಲ್ಲಿ ಒಂದು ನಿರ್ಧಾರ ಬರೆದ: ತನಗೆ ಸ್ವತಂತ್ರ ಇಚ್ಛೆಯಿದೆ ಎಂದು ನಂಬುವುದೇ ತನ್ನ ಸ್ವತಂತ್ರ ಇಚ್ಛೆಯ ಮೊದಲ ಕೆಲಸ. ಆಗ ಅವನಿಗೆ 28. ನನಗೂ ಈಗ ಅಷ್ಟೇ. ಸಿದ್ಧಾಂತ ಹುಟ್ಟುವ ಮೊದಲೇ ಬದುಕಲು ಒಂದು ನಂಬಿಕೆ ಬೇಕಾಗಿದ್ದ ಮನುಷ್ಯ ಅವನು.

ಅವನ ಎದುರಾಳಿ ಕ್ಲಿಫರ್ಡ್ 1877ರಲ್ಲಿ ಒಬ್ಬ ಹಡಗಿನ ಮಾಲೀಕನ ಕತೆ ಹೇಳಿದ್ದ. ಹಡಗು ಹಳೆಯದು, ದುರಸ್ತಿಯಾಗಬೇಕು. ಮಾಲೀಕ ಏನೂ ಆಗುವುದಿಲ್ಲವೆಂದು ತನ್ನನ್ನು ತಾನೇ ನಂಬಿಸಿಕೊಂಡು ಜನರನ್ನು ತುಂಬಿ ಕಳಿಸುತ್ತಾನೆ. ಹಡಗು ಸುರಕ್ಷಿತವಾಗಿ ದಡ ಸೇರಿದರೂ ಅವನು ತಪ್ಪಿತಸ್ಥನೇ, ಏಕೆಂದರೆ ಸಾಕ್ಷ್ಯವಿಲ್ಲದೆ ನಂಬುವ ಹಕ್ಕು ಅವನಿಗಿರಲಿಲ್ಲ. 1896ರಲ್ಲಿ ಜೇಮ್ಸ್ ಇದಕ್ಕೆ ಉತ್ತರ ಕೊಟ್ಟ. ಸಾಕ್ಷ್ಯ ತೀರ್ಮಾನಿಸಲಾರದ, ಮುಂದೂಡಲೂ ಆಗದ, ಬದುಕಿಗೆ ದೊಡ್ಡದಾದ ಪ್ರಶ್ನೆಗಳಲ್ಲಿ ನಂಬುವ ಹಕ್ಕು ಇದೆ ಎಂದ. ಎಲ್ಲ ಪ್ರಶ್ನೆಗಳಲ್ಲೂ ಅಲ್ಲ. ಇದನ್ನು ಮರೆತೇ ಅವನನ್ನು ಗೇಲಿ ಮಾಡುವುದು ರೂಢಿ.

ಅಪ್ಪನಿಗೆ ಹೃದಯದ ಆಪರೇಷನ್ ಆದಾಗ ಅಮ್ಮ ಊರ ದೇವರಿಗೆ ಹರಕೆ ಹೊತ್ತಳು. ಆಸ್ಪತ್ರೆಯ ವರಾಂಡದಲ್ಲಿ ಅವಳನ್ನು ಕುಸಿಯದಂತೆ ಹಿಡಿದಿದ್ದು ಆ ಹರಕೆಯೇ. ಅದಕ್ಕೆ ಸಾಕ್ಷ್ಯ ಕೇಳುವ ಕ್ಲಿಫರ್ಡ್‌ನ ಪರ ನಾನು ನಿಲ್ಲಲಾರೆ. ಹರಕೆ ತೀರಿಸುವ ದಿನ ನಾವೆಲ್ಲ ಗುಡಿಯ ಒಳಗೆ ಹೋದೆವು. ನಮ್ಮ ಹೊಲದಲ್ಲಿ ದುಡಿಯುವ ಹೆಂಗಸು ತಾನೂ ಅಪ್ಪನಿಗಾಗಿ ಒಂದು ಕಾಯಿ ಹರಸಿಕೊಂಡಿದ್ದಳು. ಅವಳು ಹೊರಗೆ ಹುಣಸೆ ಮರದ ಕೆಳಗೆ ನಿಂತಳು. ಅವಳ ಕಾಯನ್ನು ಯಾರೋ ಇಸಿದುಕೊಂಡು ಒಳಗೊಯ್ದು ಒಡೆಸಿ ತಂದರು. ಕೇಳಿದರೆ ಊರವರ ಉತ್ತರ ಸಿದ್ಧವಿದೆ: “ಮೊದ್ಲಿಂದ ನಡ್ಕೊಂಡು ಬಂದಿದೆ, ಯಾರಿಗೂ ತೊಂದರೆ ಇಲ್ಲ.” ಅಂದರೆ ಪದ್ಧತಿ ‘ಕೆಲಸ ಮಾಡುತ್ತಿದೆ’. ರಸೆಲ್‌ನ ಸಾಂತಾ ಕ್ಲಾಸ್‌ಗಿಂತ ಈ ಉತ್ತರ ನನ್ನನ್ನು ಹೆಚ್ಚು ಕಾಡುತ್ತದೆ.

ಇಲ್ಲಿ ಜೇಮ್ಸ್ ಸಾಲುವುದಿಲ್ಲ ಎಂದೇ ನನ್ನ ಅನಿಸಿಕೆ. ಅವನ ಗಮನವೆಲ್ಲ ಒಂಟಿ ಮನುಷ್ಯನ ಎದೆಯ ಮೇಲೆ. ಫಲವನ್ನು ಅಳೆಯುವವರು ಯಾರು ಎಂಬ ಪ್ರಶ್ನೆಗೆ ಜಾನ್ ಡ್ಯೂಯಿ ಬೇಕು. ಚಪ್ಪಲಿ ಹೊಲಿಯುವವನು ಎಷ್ಟೇ ನಿಪುಣನಾದರೂ ಅದು ಎಲ್ಲಿ ಕಚ್ಚುತ್ತದೆಂದು ಮೆಟ್ಟಿದವನಿಗೇ ಗೊತ್ತು ಎನ್ನುವ ಅರ್ಥದ ಮಾತು 1927ರ ಅವನ ಪುಸ್ತಕದಲ್ಲಿ ಬರುತ್ತದೆ. ಕಚ್ಚಿಸಿಕೊಂಡವರು ಬಾಯಿಬಿಡಲಾಗದ ಕಡೆ ಒಂದು ಪದ್ಧತಿಯನ್ನು ಪರೀಕ್ಷಿಸಿದ್ದೇವೆ ಎನ್ನಲು ಬರುವುದಿಲ್ಲ.

1913ರಿಂದ 1916ರವರೆಗೆ ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರ್ ಡ್ಯೂಯಿಯ ಪಾಠಗಳನ್ನು ಕೇಳಿದ್ದರು. 1936ರ ‘ಜಾತಿ ವಿನಾಶ’ದಲ್ಲಿ ಅವನನ್ನು ತಮ್ಮ ಗುರುವೆಂದು ಕರೆದಿದ್ದಾರೆ. ನಿಯಮಗಳ ಧರ್ಮ ಬೇರೆ, ತತ್ವಗಳ ಧರ್ಮ ಬೇರೆ ಎಂದು ಅವರು ಬಿಡಿಸಿದ್ದೂ ಅದೇ ಬರಹದಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಡ್ಯೂಯಿ ಕೂಡ ಸಾಂಸ್ಥಿಕ ಧರ್ಮದಿಂದ ಧಾರ್ಮಿಕ ಅನುಭವವನ್ನು ಬೇರ್ಪಡಿಸಿದ್ದ. ಆದರೆ ಡ್ಯೂಯಿಯ ಧಾರ್ಮಿಕತೆ ನನಗೆ ತೀರಾ ತೆಳುವಾಗಿ ಕಾಣುತ್ತದೆ. ಅದರೊಳಗೆ ಯಾರೂ ಮದುವೆಯಾಗಲಾರರು, ಹೆಣ ಎತ್ತಲಾರರು. ಅಂಬೇಡ್ಕರ್‌ಗೆ ಜನ ಕಾಲೂರಿ ನಿಲ್ಲುವಂಥ ಧರ್ಮ ಬೇಕಿತ್ತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಹಾಗೆಂದು ಸಿಕ್ಕಿದ್ದನ್ನು ಸಿಕ್ಕಂತೆ ತೆಗೆದುಕೊಳ್ಳಲಿಲ್ಲ. ‘ಬುದ್ಧ ಮತ್ತು ಆತನ ಧಮ್ಮ’ದ ಪೀಠಿಕೆಯಲ್ಲೇ ನಾಲ್ಕು ಆರ್ಯಸತ್ಯಗಳು ನಿಜಕ್ಕೂ ಬುದ್ಧನ ಮೂಲ ಬೋಧನೆಯೇ ಎಂದು ಕೇಳುತ್ತಾರೆ. ಕಾರಣ, ಅವು ಮನುಷ್ಯನಿಗೆ ಭರವಸೆ ಕೊಡುವುದಿಲ್ಲ. ಜೇಮ್ಸ್ ಇಡುವಂಥದೇ ಪರೀಕ್ಷೆ, ಆದರೆ ಗುಡಿಯ ಹೊರಗೆ ನಿಂತವರ ಕಡೆಯಿಂದ.

ಜೇಮ್ಸ್‌ನಿಂದ ಅಂಬೇಡ್ಕರ್‌ಗೆ ದಾರಿ ಎಲ್ಲಿದೆ ಎಂದು ನನ್ನ ಮಾರ್ಗದರ್ಶಕರು ಮೂರನೇ ಅಧ್ಯಾಯದ ಕರಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಾರೆ. ಈ ವಾರ ಅದಕ್ಕೆ ಉತ್ತರ ಬರೆಯುತ್ತಿದ್ದೇನೆ.